ಕುಡಿತ ಬಿಡಿಸಲು ಆಣೆಯೊಂದೇ ಸಾಲದು



ಸುಗ್ಗಿಯಲ್ಲಿ ನಮ್ಮ ಬ್ಯಾಡಗಿ ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಮೆಣಸಿನಕಾಯಿ ಚೀಲ ಬಂದಿಳಿಯುವುದುಂಟು. ಆ ಚೀಲ ಹೊತ್ತ ಹಮಾಲರಲ್ಲಿ, ರಾತ್ರಿಯೆಲ್ಲ ಲಾರಿ ಓಡಿಸಿ ಬಂದ ಚಾಲಕರಲ್ಲಿ ಕೆಲವರು ಮೈಕೈ ನೋವಿಗೆಂದು ಕುಡಿಯಲು ಶುರು ಮಾಡುತ್ತಾರೆ. ಬರಬರುತ್ತ ಕುಡಿಯದೆ ದಿನ ಕಳೆಯುವುದಿಲ್ಲ. ಕೂಲಿಯ ಹಣ ಮನೆ ಮುಟ್ಟುವುದಿಲ್ಲ. ಹೆಂಡತಿ ದೇವರ ಮುಂದೆ ಆಣೆ ಹಾಕಿಸುತ್ತಾಳೆ, ಹಿರಿಯರು ಬೈದು ಬುದ್ಧಿ ಹೇಳುತ್ತಾರೆ. ದವಾಖಾನೆಗೆ ಕರೆದುಕೊಂಡು ಹೋಗೋಣ ಅನ್ನುವವರು ಮಾತ್ರ ಕಡಿಮೆ.

ಕುಡಿತಕ್ಕೆ ಚಿಕಿತ್ಸೆ ಬೇಕೆಂಬ ಮಾತನ್ನೇ ದಶಕಗಳಿಂದ ಹೇಳುತ್ತ, ಅದನ್ನು ಸರಕಾರದ ನೀತಿಯವರೆಗೆ ಒಯ್ದವರಲ್ಲಿ ಡಾ. ಪ್ರತಿಮಾ ಮೂರ್ತಿ ಒಬ್ಬರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯೆಯಾಗಿ, ಪ್ರಾಧ್ಯಾಪಕಿಯಾಗಿ, ವ್ಯಸನ ಚಿಕಿತ್ಸಾ ಕೇಂದ್ರದ ಮುಖ್ಯಸ್ಥೆಯಾಗಿ ಕೆಲಸ ಮಾಡಿ, 2021ರಲ್ಲಿ ಆ ಸಂಸ್ಥೆಯ ನಿರ್ದೇಶಕಿಯಾದರು. ಅವರ ವೃತ್ತಿಜೀವನದಲ್ಲಿ ಒಂದು ಎಳೆ ಸ್ಪಷ್ಟವಾಗಿ ಕಾಣುತ್ತದೆ: ರೋಗಿ ಬರಲಿ ಎಂದು ಕಾಯದೆ, ಚಿಕಿತ್ಸೆಯೇ ಜನರಿರುವಲ್ಲಿಗೆ ಹೋಗಬೇಕು, ಹೋದಲ್ಲಿ ಅವರನ್ನು ಗೌರವದಿಂದ ಕಾಣಬೇಕು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕೋರಿಕೆಯಂತೆ ನಿಮ್ಹಾನ್ಸ್ ತಂಡವೊಂದು ದೇಶದ 37 ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ವರದಿ ಕೊಟ್ಟಿತು. ಎಷ್ಟೋ ಆಸ್ಪತ್ರೆಗಳಲ್ಲಿ ಆ ಗೌರವವಿರಲಿಲ್ಲ, ಅವು ಇನ್ನೂ ಜೈಲಿನಂತೆಯೇ ಇದ್ದವು. ಆ ತಂಡದಲ್ಲಿ ಪ್ರತಿಮಾ ಅವರೂ ಇದ್ದರು. ಆಸ್ಪತ್ರೆಗಳು ಎಷ್ಟು ಬದಲಾದವೆಂದು ನೋಡುವ ಪುಸ್ತಕವನ್ನು 2008ರಲ್ಲಿ ಡಾ. ಡಿ. ನಾಗರಾಜ ಅವರೊಡನೆ ಸಂಪಾದಿಸಿದರು.

ಚಿಕಿತ್ಸೆ ಜನರಿರುವಲ್ಲಿಗೆ ಹೋಗಬೇಕೆಂಬ ಮಾತಿಗೆ ತಕ್ಕಂತೆ, ಕೆಎಸ್ಆರ್‌ಟಿಸಿ ನೌಕರರ ಕುಡಿತದ ಸಮಸ್ಯೆಗೂ ನಿಮ್ಹಾನ್ಸ್ ನೆರವಾಯಿತು. ಕುಡಿಯುವ ಚಾಲಕನನ್ನು ಕೆಲಸದಿಂದ ತೆಗೆದರೆ ಸಂಸ್ಥೆಗೊಬ್ಬ ಅನುಭವಿ ಕಡಿಮೆಯಾಗುತ್ತಾನೆ, ಒಂದು ಮನೆ ಬೀದಿಗೆ ಬರುತ್ತದೆ. ಮೊದಲೇ ಗುರುತಿಸಿ, ಚಿಕಿತ್ಸೆ ಕೊಡಿಸಿ, ಮತ್ತೆ ಕೆಲಸಕ್ಕೆ ಕರೆದುಕೊಂಡರೆ ನೌಕರನೂ ಉಳಿಯುತ್ತಾನೆ, ಮನೆಯೂ ಉಳಿಯುತ್ತದೆ. ನಮ್ಮ ಹಮಾಲರಿಗೆ, ಲಾರಿ ಚಾಲಕರಿಗೆ ಇಂಥ ಏರ್ಪಾಡು ಏಕಿರಬಾರದು?

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳಲ್ಲಿ ನೂರಕ್ಕೆ 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿತು. ಎಂದರೆ, ಸರಕಾರಿ ವ್ಯವಸ್ಥೆಯಲ್ಲಿ ಇವರಿಗೂ ಚಿಕಿತ್ಸೆ ಪಡೆಯುವ ಹಕ್ಕಿದೆ.

ಈ ಹಕ್ಕು ಏಕೆ ಮುಖ್ಯವೆಂದರೆ, ಬಹುಕಾಲ ಕುಡಿದವರ ಮೆದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಂಡು ಬಡಬಡಿಸುತ್ತಾರೆ. ಪ್ರಾಣಕ್ಕೂ ಅಪಾಯ. ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರಿಗೆ ಗೊತ್ತಾಗದಂತೆ ಊಟದಲ್ಲಿ ಕುಡಿತ ಬಿಡಿಸುವ ಔಷಧಿ ಬೆರೆಸುವುದೂ ಬೇಡ; ಅದರ ಮೇಲೆ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಒಮ್ಮೆ ಬಿಟ್ಟವರು ಮತ್ತೆ ಕುಡಿದರೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ ಏರಿದರೆ ಮತ್ತೆ ವೈದ್ಯರನ್ನು ಕಾಣುವಂತೆ ಇಲ್ಲಿಯೂ ಕಾಣಬೇಕು.

ಎಲ್ಲಿಗೆ ಹೋಗುವುದು? ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಜಿಲ್ಲಾ ಮಟ್ಟದ ಚಿಕಿತ್ಸಾ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಅದರ ಸೇವೆಗೆ ನಮ್ಮ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ಇನ್ನು ಕೂತಲ್ಲೇ ಮಾತಾಡಬೇಕೆಂದರೆ 14416ಕ್ಕೆ ಕರೆ ಮಾಡಿ. ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದಾಗ, ಅದರ ರಾಷ್ಟ್ರೀಯ ಹೊಣೆ ಹೊತ್ತ ನಿಮ್ಹಾನ್ಸ್‌ಗೆ ಪ್ರತಿಮಾ ಅವರೇ ನಿರ್ದೇಶಕಿಯಾಗಿದ್ದರು. ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಕುಡಿಯುವವರೇ ಕರೆ ಮಾಡಬೇಕೆಂದೂ ಇಲ್ಲ; ಅವರ ಹೆಂಡತಿ, ತಾಯಿ, ಗೆಳೆಯ ಯಾರಾದರೂ ಮಾಡಬಹುದು.

ಪ್ರಯೋಗ, ಸಮೀಕ್ಷೆ, ಕಾಯಿದೆ ಎಲ್ಲ ಆಗಿವೆ. ಚಿಕಿತ್ಸೆ ಸಿಗದ ಆ 86 ಮಂದಿಯಲ್ಲಿ ನಮ್ಮ ಓಣಿಯ ಒಬ್ಬರಾದರೂ ಕಡಿಮೆಯಾಗಲಿ. ಅಷ್ಟನ್ನು ಮಾಡುವುದು ನಮ್ಮ ಕೈಯಲ್ಲಿದೆ.