ನೊಣದ ಚಿತ್ರ ತೆಗೆಯುವ ಬಗೆ



ನೊಣದ ಚಿತ್ರ ತೆಗೆಯುವ ವಿಷಯವಾಗಿ ಮಾತನಾಡುತ್ತೇನೆಂದರೆ ತಮ್ಮಲ್ಲಿ ಕೆಲವರಿಗೆ ನಗು ಬಂದೀತು. ಮದುವೆಯ ಚಿತ್ರ ಸರಿ, ಜಾತ್ರೆಯ ಜೋಡೆತ್ತಿನ ಚಿತ್ರವೂ ಸರಿ, ನೊಣದ್ದೇಕೆ ಎಂದು ತಾವು ಕೇಳಬಹುದು.

ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ನಾಯಂಡಹಳ್ಳಿ ಗೊತ್ತು. ಹಿಂದೆ ಹಳ್ಳಿಯಾಗಿದ್ದ ಆ ಸ್ಥಳದಲ್ಲಿ 2021ರಿಂದ ಮೆಟ್ರೋ ರೈಲು ನಿಲ್ಲುತ್ತದೆ. ಅಲ್ಲಿ ವೃಷಭಾವತಿ ಹೊಳೆಯು ನಗರದ ಕೊಳಚೆಯನ್ನು ಹೊತ್ತು ಹರಿಯುತ್ತದೆ. ಅಂಥ ಕೊಳೆತ ನೀರಿನಲ್ಲಿಯೂ ಬದುಕಬಲ್ಲ ಒಂದು ಜಾತಿಯ ನೊಣದ ಮರಿ ಉಂಟು. ಬಾಲದಂಥ ಉದ್ದನೆಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಬೆಳೆದು ಹೂವಿನ ಮೇಲೆ ಕುಳಿತರೆ ಅದನ್ನು ಜೇನುಹುಳವೆಂದೇ ತಿಳಿಯುತ್ತೇವೆ. ಆದರೆ ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಕಡ್ಡಿಗಳಿವೆ. ಹಾರುವಾಗ ಮೈ ವಾಲದಂತೆ ನೋಡಿಕೊಳ್ಳುವುದು ಅವೇ. ಬರಿಗಣ್ಣಿಗೆ ಇದು ಕಾಣುವುದು ಕಷ್ಟ, ಚಿತ್ರದಲ್ಲಿ ಎಣಿಸಬಹುದು.

ಇದರಿಂದ ನಮಗೇನು ಲಾಭ? ಅವರೆ, ಅಲಸಂದೆ ಗಿಡಗಳಿಗೆ ಹೇನು ಹತ್ತಿದಾಗ ಅದರ ನಡುವೆ ಕಾಲಿಲ್ಲದ ಸಣ್ಣ ಹುಳುವೊಂದು ತೆವಳುವುದನ್ನು ತಾವು ನೋಡಿರಬಹುದು. ಇದೂ ಒಂದು ಪೀಡೆಯೆಂದು ಔಷಧಿ ಹೊಡೆದುಬಿಡುತ್ತೇವೆ. ಅದು ಹೂನೊಣದ ಮರಿ. ಒಂದೊಂದು ಮರಿಯೂ ನೂರಾರು ಹೇನುಗಳನ್ನು ತಿಂದು ದೊಡ್ಡದಾಗುತ್ತದೆ. ಔಷಧಿಗೆ ಹಣ ಕೊಟ್ಟು, ಕೂಲಿಯಿಲ್ಲದೆ ದುಡಿಯುವ ಆಳನ್ನು ಕೊಂದಂತಾಯಿತು.

ಇನ್ನು ರೇಷ್ಮೆ ಬೆಳೆಗಾರರ ಮಾತು. ಊಜಿ ನೊಣ ನಮ್ಮ ನಾಡಿನದಾಗಿರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನೊಡನೆ ಬಂದಿತು. ಮನೆನೊಣಕ್ಕಿಂತ ದೊಡ್ಡದು, ಬೂದುಗಪ್ಪು ಬಣ್ಣ. ರೇಷ್ಮೆಹುಳುವಿನ ಮೈಮೇಲೆ ಬಿಳಿಯ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಗೂಡು ಕಟ್ಟಿದ ಮೇಲೆ ಹೊಕ್ಕಿದ್ದು ತೂತು ಮಾಡಿ ಹೊರಬಂದರೆ ಆ ಗೂಡಿನ ನೂಲು ಬಿಚ್ಚಲು ಬರುವುದಿಲ್ಲ. ಕಿಟಕಿ ಬಾಗಿಲಿಗೆ ಬಲೆ ಕಟ್ಟುವುದು ಮೊದಲ ಉಪಾಯ. ಊಜಿಯ ಕೋಶದಲ್ಲಿ ಮೊಟ್ಟೆಯಿಟ್ಟು ಅದನ್ನು ನಾಶಮಾಡುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವನ್ನೂ ಹುಳು ಮನೆಯಲ್ಲಿ ಬಿಡುತ್ತಾರೆ. ಆ ಬಿಳಿ ಮೊಟ್ಟೆಯನ್ನೂ ಕಪ್ಪು ಕಲೆಯನ್ನೂ ಒಮ್ಮೆ ದೊಡ್ಡ ಚಿತ್ರದಲ್ಲಿ ನೋಡಿದವರು ಮತ್ತೆ ಮರೆಯುವುದಿಲ್ಲ.

ಚಿತ್ರ ತೆಗೆಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮನೆಯಲ್ಲಿರುವ ಮೊಬೈಲಿಗೆ ಸಿಕ್ಕಿಸುವ ಸಣ್ಣ ಭೂತಗನ್ನಡಿ ಸಾಕು. ಸೂರ್ಯ ಹುಟ್ಟುವ ಹೊತ್ತಿಗೆ, ಇಬ್ಬನಿ ಆರುವ ಮೊದಲು ಹೊಲಕ್ಕೆ ಹೋಗಿರಿ. ಮೈ ತಣ್ಣಗಿರುವಾಗ ಹುಳುಗಳು ಬೇಗ ಹಾರಲಾರವು. ತಮ್ಮ ನೆರಳು ಅದರ ಮೇಲೆ ಬೀಳಬಾರದು. ಮೊಣಕೈಯನ್ನು ನೆಲಕ್ಕೋ ಮಂಡಿಗೋ ಊರಿ, ಹುಳುವಿನ ಮಟ್ಟಕ್ಕೆ ಬಗ್ಗಿ, ಕಣ್ಣು ಸ್ಪಷ್ಟವಾಗುವಂತೆ ನೋಡಿ, ಉಸಿರು ಬಿಗಿಹಿಡಿದು ಒತ್ತಿರಿ. ಮೇಲಿನಿಂದೊಂದು, ಪಕ್ಕದಿಂದೊಂದು ಇರಲಿ. ಗಿಡದ ಎಲೆಯೂ ಕಾಣಲಿ. ಹುಳುವನ್ನು ಐಸಿನಲ್ಲಿಟ್ಟು, ಅಂಟು ಹಾಕಿ ಕೂರಿಸಿ ತೆಗೆಯುವವರೂ ಇದ್ದಾರೆ. ಅದು ನನಗೆ ಹಿಡಿಸದು, ಮತ್ತು ಅಂಥ ಚಿತ್ರದಿಂದ ಹುಳುವಿನ ನಡತೆ ತಿಳಿಯುವುದೂ ಇಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳರು (1932–2017) ರೀಲಿನ ಕಾಲದಲ್ಲಿಯೇ ಹಕ್ಕಿ, ಚಿಟ್ಟೆಗಳ ಚಿತ್ರ ತೆಗೆದು ಹೆಸರಾದವರು. ಆಗ ತೆಗೆದದ್ದು ಸರಿಯಾಯಿತೋ ಇಲ್ಲವೋ ಎಂಬುದು ರೀಲು ತೊಳೆದ ಮೇಲಷ್ಟೇ ತಿಳಿಯುತ್ತಿತ್ತು. ಈಗ ನಮಗೆ ಆ ತಾಪತ್ರಯವಿಲ್ಲ.

ಹೆಸರು ತಿಳಿಯದ ಹುಳು ಕಂಡರೆ ಔಷಧಿ ಕೊಳ್ಳುವ ಮೊದಲು ಚಿತ್ರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿರಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಯೂ ಇದೆ. ಯಾವ ಬೆಳೆ, ಯಾವ ತಿಂಗಳು, ಗಿಡದ ಯಾವ ಭಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಟ್ಟರೆ ಗುರುತಿಸುವವರಿಗೆ ಸುಲಭವಾಗುತ್ತದೆ.