ಕನ್ನಡದ ಅಕ್ಷರಕ್ಕೂ ನಗಲು ಬರುತ್ತದೆ!

(ಭಾಷಣದ ಬರಹರೂಪ)



ನಿಮ್ಮ ಮನೆಗೆ ಬಂದ ಮಕ್ಕಳ ಹುಟ್ಟುಹಬ್ಬದ ಆಹ್ವಾನ ಪತ್ರಿಕೆಯೊಂದನ್ನು ತೆಗೆದು ನೋಡಿ. ‘ಹ್ಯಾಪಿ ಬರ್ತ್‌ಡೇ’ ಎಂಬ ಇಂಗ್ಲಿಷ್ ಅಕ್ಷರಗಳು ಕುಣಿಯುತ್ತಿರುತ್ತವೆ. ಕೆಳಗೆ ಕನ್ನಡ, ಅದೂ ಇದ್ದರೆ, ತಹಶೀಲ್ದಾರರ ನೋಟಿಸಿನಂತೆ ಬಿಗಿದುಕೊಂಡು ನಿಂತಿರುತ್ತದೆ! ಆಟವೆಲ್ಲ ಇಂಗ್ಲಿಷ್, ಪರೀಕ್ಷೆ ಮಾತ್ರ ಕನ್ನಡ ಎಂದು ಆ ಮಗುವಿಗೆ ಅನಿಸಿದರೆ ಅದು ಯಾವುದರ ಕಡೆ ಓಡೀತು? ನೀವೇ ಹೇಳಿ.

ಇಂಗ್ಲಿಷಿನವರು ಏನು ಮಾಡಿದರು? 1994ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನೇರ್, ‘ಬಾಬ್’ ಎಂಬ ತಂತ್ರಾಂಶವನ್ನು ನೋಡಿದರು. ಅದರಲ್ಲೊಂದು ನಾಯಿ, ಅದರ ಮಾತು ‘ಟೈಮ್ಸ್ ನ್ಯೂ ರೋಮನ್’ ಅಕ್ಷರದಲ್ಲಿತ್ತು. ಪತ್ರಿಕೆಯ ಸುದ್ದಿಗೆ ಒಪ್ಪುವ ಅಕ್ಷರ ನಾಯಿಯ ಬಾಯಿಗೆ ಒಪ್ಪೀತೇ? ಕಾಮಿಕ್ಸ್ ಪುಸ್ತಕಗಳ ಕೈಬರಹ ನೋಡಿ ಅವರು ‘ಕಾಮಿಕ್ ಸಾನ್ಸ್’ ರೂಪಿಸಿದರು. ಬಾಬ್‌ಗೆ ಅದು ಹೊತ್ತಿಗೆ ಒದಗಲಿಲ್ಲ. ವಿಂಡೋಸ್ 95ರ ಜೊತೆ ಹೊರಟು ಲೋಕವೆಲ್ಲ ಹಬ್ಬಿತು. ಸಲ್ಲದ ಕಡೆಯೆಲ್ಲ ಹಾಕಿದ್ದರಿಂದ ನಗೆಪಾಟಲೂ ಆಯಿತು. ಮಾತಿಗೂ ಜಾಗಕ್ಕೂ ತಕ್ಕ ಅಕ್ಷರ ಬೇಕು ಎಂಬುದೇ ಇದರ ಪಾಠ.

ಕನ್ನಡದಲ್ಲಿ ಈ ಕೆಲಸ ಇನ್ನೂ ದೊಡ್ಡದು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52. ನಮಗೆ ಮೂಲಾಕ್ಷರ, ಕಾಗುಣಿತ, ಒತ್ತು ಎಂದು ನೂರಾರು ಆಕಾರಗಳನ್ನು ಬರೆಯಬೇಕು. ‘ಸ್ತ್ರೀ’ ಎಂಬಲ್ಲಿ ಮೂರು ವ್ಯಂಜನ. ಒತ್ತುಗಳು ತುಸು ಇಳಿದರೂ ಕೆಳಗಿನ ಸಾಲಿಗೆ ಕಾಲು ತಗಲುತ್ತದೆ. ಕೈಬರಹದ ಸಲಿಗೆಯಲ್ಲಿ ಅಕ್ಷರದ ಹೊಟ್ಟೆಯ ಕೆಳಗಿನ ಸೀಳು ಮರೆತರೆ ‘ಧನ’ ಹೋಗಿ ‘ದನ’! ‘ವ’ದ ಬಾಲ ಮೇಲಕ್ಕೆ ಸುತ್ತಿಕೊಂಡರೆ ಮದುವೆ ಪತ್ರಿಕೆಯ ‘ವರ’ ಹೋಗಿ ‘ಮರ’! ಅಕ್ಷರ ಕುಣಿಯಲಿ, ಅರ್ಥ ಜಾರಬಾರದು.

ಇಷ್ಟೆಲ್ಲ ಕಷ್ಟವನ್ನು ಗೆದ್ದವರಿದ್ದಾರೆ. ಮುಂಬೈನ ಏಕ್ ಟೈಪ್ ಬಳಗದ ‘ಬಾಲೂ ತಮ್ಮ’ ಗುಂಡುಗುಂಡಾಗಿದೆ. ಅದೇ ಅಕ್ಷರದ ತೆಲುಗು ರೂಪ ‘ತಮ್ಮುಡು’, ತಮಿಳು ರೂಪ ‘ತಂಬಿ’, ಹೆಸರಲ್ಲೇ ಅಣ್ಣತಮ್ಮಂದಿರು! ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ಕ್ಕೆ ಬೇರೆಯದೇ ಲಹರಿ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ; ವ್ಯಾಪಾರಕ್ಕೂ ಬಳಸಬಹುದು. ‘ಕನ್ನಡದಲ್ಲಿ ಅಂಥ ಅಕ್ಷರ ಇಲ್ಲ ಸಾರ್’ ಎಂಬ ನೆಪ ಇನ್ನು ನಡೆಯದು.

ನೀವು ಮಾಡಬೇಕಾದದ್ದು ಇಷ್ಟೇ. ಡಿಟಿಪಿ ಅಂಗಡಿಯಲ್ಲಿ ಕೂತು ಅಕ್ಷರವನ್ನು ನೀವೇ ಆರಿಸಿ. ಅಚ್ಚಿಗೆ ಕೊಡುವ ಮುನ್ನ ‘ಧನ’, ‘ವರ’, ‘ಸ್ತ್ರೀ’, ‘ಕೃಷ್ಣ’ ಬರೆಸಿ ನೋಡಿ. ಒಂದು ಮಗುವಿನಿಂದ ಓದಿಸಿ. ಅಂಗನವಾಡಿ ಗೋಡೆಗೆ, ಐಸ್‌ಕ್ರೀಂ ಗಾಡಿಗೆ, ನಾಮಕರಣಕ್ಕೆ ಈ ಅಕ್ಷರ ಹಾಕಿಸಿ. ವೈಕುಂಠ ಸಮಾರಾಧನೆಯ ಪತ್ರಕ್ಕೆ ಬೇಡ. ಊರಲ್ಲಿ ಬೋರ್ಡ್ ಬರೆಯುವ ಕಲಾವಿದರಿದ್ದರೆ ಮೊದಲು ಅವರನ್ನೇ ಕೇಳಿ, ಚೌಕಾಸಿ ಮಾಡದೆ ಕೂಲಿ ಕೊಡಿ. ಕೈಬರಹದಂಥ ಅಕ್ಷರಕ್ಕೆ ಕೈಬರಹವೇ ತಾಯಿ.

ಬಂಧುಗಳೇ, ಮುಂದಿನ ಪತ್ರಿಕೆ ಅಚ್ಚು ಮಾಡಿಸುವ ಸರದಿ ನಿಮ್ಮ ಮನೆಯದೇ ಇರಬಹುದು. ಕನ್ನಡವನ್ನು ನಗಿಸಿ ಕಳಿಸಿ!