ಸೀಗಡಿ ಸಾಕಣೆ: ಪ್ರಮಾಣಪತ್ರ ಯಾರಿಗಾಗಿ?



ಚೆನ್ನೈ ನಗರದ ಒಂದು ಸರ್ಕಾರಿ ಕಚೇರಿಗೂ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿರುವ ಗಜನಿ ಭೂಮಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ನಿಕಟವಾಗಿಯೇ ಇದೆ. ಕರ್ನಾಟಕದ ಕರಾವಳಿಯಲ್ಲಿ ಚೌಳು ನೀರಿನ ಕೊಳ ಕಟ್ಟಿ ಸೀಗಡಿ ಸಾಕುವ ರೈತನು ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ತನ್ನ ಕೊಳವನ್ನು ನೋಂದಾಯಿಸಬೇಕು. ಆ ಪ್ರಾಧಿಕಾರದ ಕೇಂದ್ರ ಕಚೇರಿ ಇರುವುದು ಚೆನ್ನೈಯಲ್ಲಿ. ಈ ಸಂಸ್ಥೆ ಹುಟ್ಟಿದ ಬಗೆಯನ್ನು ಅರಿತರೆ, ಸುರಕ್ಷಿತ ಹಾಗೂ ಸುಸ್ಥಿರ ಸಾಕಣೆಯ ಮಾನದಂಡಗಳು ಯಾರ ಹಿತಕ್ಕಾಗಿ ಬಂದವು ಎಂಬುದು ಸ್ಪಷ್ಟವಾಗುತ್ತದೆ.

ಅಳಿವೆಯ ಬದಿಯ ಜನರಿಗೆ ಸೀಗಡಿ ಹೊಸದಲ್ಲ. ಗಜನಿ ಭೂಮಿಯಲ್ಲಿ ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಕಗ್ಗ ಎಂಬ ಭತ್ತವನ್ನು ಬೆಳೆಯುವುದು ಹಿಂದಿನಿಂದ ಬಂದ ರೂಢಿ. ಕಗ್ಗವು ಉಪ್ಪನ್ನೂ ನೆರೆಯನ್ನೂ ಸಹಿಸುವ ತಳಿ. ಕೊಯ್ಲಾದ ಮೇಲೆ ಭರತದ ನೀರಿನೊಡನೆ ಒಳಗೆ ಬಂದ ಮೀನು ಸೀಗಡಿಗಳೇ ಎರಡನೆಯ ಬೆಳೆ. ಹೊರಗಿನಿಂದ ಮೇವಿಲ್ಲ, ಔಷಧಿಯಿಲ್ಲ. ಒಂದೇ ಭೂಮಿ ಒಂದು ಕಾಲದಲ್ಲಿ ಗದ್ದೆ, ಇನ್ನೊಂದು ಕಾಲದಲ್ಲಿ ಕೊಳ.

1990ರ ದಶಕದ ಆರಂಭದಲ್ಲಿ ಬಂದ ಸಾಕಣೆಯ ಕ್ರಮ ಬೇರೆಯದು. ವಿದೇಶಿ ಮಾರುಕಟ್ಟೆಯಲ್ಲಿ ಹುಲಿ ಸೀಗಡಿಗೆ ಒಳ್ಳೆಯ ಬೆಲೆ ದೊರೆತುದರಿಂದ ತಮಿಳುನಾಡು ಮತ್ತು ಆಂಧ್ರಪ್ರದೇಶದ ಕರಾವಳಿಯಲ್ಲಿ ದೊಡ್ಡ ಸಂಸ್ಥೆಗಳು ಸಾಲು ಸಾಲಾಗಿ ಕೊಳಗಳನ್ನು ತೋಡಿಸಿದವು. ಕೊಳಕ್ಕೆ ತುಂಬಿದ ಉಪ್ಪುನೀರು ನೆಲದೊಳಗೆ ಇಳಿದು ಪಕ್ಕದ ಬಾವಿಗಳನ್ನೂ ಭತ್ತದ ಗದ್ದೆಗಳನ್ನೂ ಸೇರಿತು. ಮೇವಿನ ಉಳಿಕೆ ಮತ್ತು ಮಲದಿಂದ ಕೆಟ್ಟ ನೀರನ್ನು ಕಾಲುವೆಗಳಿಗೆ ಬಿಡಲಾಯಿತು. ಸಮುದ್ರಕ್ಕೆ ಹೋಗುವ ಮೀನುಗಾರರ ದಾರಿಗೆ ಅಡ್ಡಿಯಾಯಿತು. ಲಾಭ ಒಬ್ಬರಿಗೆ ಸಂದರೆ ಅದರ ಬೆಲೆಯನ್ನು ತೆತ್ತವರು ಒಡ್ಡಿನ ಆಚೆ ಇದ್ದ ಇನ್ನೊಬ್ಬರು.

ಈ ಅನ್ಯಾಯವನ್ನು ನ್ಯಾಯಾಲಯದ ಮುಂದಿಟ್ಟವರು ಸರ್ವೋದಯ ನಾಯಕರಾದ ಎಸ್. ಜಗನ್ನಾಥನ್. ತಮಿಳುನಾಡಿನ ಗ್ರಾಮ ಸ್ವರಾಜ್ಯ ಚಳವಳಿಯ ಅಧ್ಯಕ್ಷರಾಗಿದ್ದ ಅವರು 1994ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ನ್ಯಾಯಾಲಯದ ಆದೇಶದಂತೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ತಜ್ಞರು ಕರಾವಳಿಯನ್ನು ಪರಿಶೀಲಿಸಿ ವರದಿ ನೀಡಿದರು. 1996ರ ಡಿಸೆಂಬರ್ 11ರಂದು ತೀರ್ಪು ಬಂದಿತು. ಕರಾವಳಿ ನಿಯಂತ್ರಣ ವಲಯದೊಳಗೆ ಸೀಗಡಿ ಕೊಳಗಳನ್ನು ಕಟ್ಟಕೂಡದು. ಕೃಷಿ ಭೂಮಿ, ಉಪ್ಪಿನಾಗರ, ಕಾಂಡ್ಲಾ ಕಾಡು ಮತ್ತು ಗ್ರಾಮದ ಸಾರ್ವಜನಿಕ ಭೂಮಿಗಳನ್ನು ಕೊಳಗಳಾಗಿ ಪರಿವರ್ತಿಸಕೂಡದು. ಮಾಲಿನ್ಯ ಉಂಟುಮಾಡಿದವನೇ ಅದರ ವೆಚ್ಚವನ್ನು ಭರಿಸಬೇಕು ಎಂದು ನ್ಯಾಯಾಲಯ ವಿಧಿಸಿತು. ಸಾಂಪ್ರದಾಯಿಕ ಹಾಗೂ ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಇವುಗಳ ಮೇಲ್ವಿಚಾರಣೆಗೆಂದು 1997ರಲ್ಲಿ ಜಲಕೃಷಿ ಪ್ರಾಧಿಕಾರವು ಚೆನ್ನೈಯಲ್ಲಿ ಸ್ಥಾಪನೆಯಾಯಿತು. ಸಂಸತ್ತು 2005ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿ, ನಿಷೇಧದ ಸ್ಥಾನದಲ್ಲಿ ನೋಂದಣಿ ಮತ್ತು ನಿಯಂತ್ರಣದ ವ್ಯವಸ್ಥೆಯನ್ನು ತಂದಿತು. ಇಂದಿನ ಕರಾವಳಿ ಜಲಕೃಷಿ ಪ್ರಾಧಿಕಾರವು ಆ ಕಾಯಿದೆಯ ಫಲ.

ಗಮನಿಸಬೇಕಾದ ಅಂಶವಿದು: ಈ ವ್ಯವಸ್ಥೆಯ ಮೂಲದಲ್ಲಿ ಇರುವುದು ಸೀಗಡಿ ಕೊಳ್ಳುವವನ ದೂರಲ್ಲ, ಸೀಗಡಿ ಕೊಳದ ಪಕ್ಕದಲ್ಲಿ ಬಾಳುವವನ ದೂರು. ಆದುದರಿಂದಲೇ 2005ರ ಮಾರ್ಗಸೂಚಿಗಳು ಕುಡಿಯುವ ನೀರಿನ ಮೂಲದಿಂದ, ಜನವಸತಿಯಿಂದ ಮತ್ತು ಸಾಗುವಳಿ ಭೂಮಿಯಿಂದ ಕೊಳವು ಇಂತಿಷ್ಟು ದೂರ ಇರಬೇಕೆಂದು ನಿಗದಿಪಡಿಸಿದವು. 5 ಹೆಕ್ಟೇರ್ ಹಾಗೂ ಅದಕ್ಕೂ ಹೆಚ್ಚಿನ ವಿಸ್ತಾರದ ಸಾಕಣೆಗೆ ಹೊರಬಿಡುವ ನೀರನ್ನು ಶುದ್ಧೀಕರಿಸುವ ಕೊಳವನ್ನು ಕಡ್ಡಾಯಗೊಳಿಸಿದವು.

ಕೊಳ್ಳುವವನ ದೂರು ಬಂದದ್ದು ಅನಂತರ. 1994ರ ಸುಮಾರಿಗೆ ಬಿಳಿಚುಕ್ಕೆ ರೋಗವು ಹುಲಿ ಸೀಗಡಿಯ ಕೊಳಗಳನ್ನು ಬರಿದು ಮಾಡತೊಡಗಿತು. ಇದು ವೈರಾಣುವಿನಿಂದ ಬರುವ ರೋಗ. ಪ್ರತಿಜೀವಕ ಔಷಧಿಗಳಿಂದ ಗುಣವಾಗುವುದಲ್ಲ. ಹೀಗಿದ್ದರೂ ರೋಗದ ಭಯದಿಂದ ಕೊಳಗಳಿಗೆ ಪ್ರತಿಜೀವಕಗಳನ್ನು ಸುರಿಯುವ ಅಭ್ಯಾಸ ಹಲವೆಡೆ ಬೆಳೆಯಿತು. ಅವುಗಳ ಶೇಷಾಂಶ ಸೀಗಡಿಯ ಮಾಂಸದಲ್ಲಿ ಉಳಿಯುತ್ತದೆ. ಕ್ಲೋರಾಂಫೆನಿಕಾಲ್ ಎಂಬ ಔಷಧಿಯು ಮನುಷ್ಯರಲ್ಲಿ ಅಪರೂಪಕ್ಕಾದರೂ ಪ್ರಾಣಾಂತಿಕವಾದ ರಕ್ತಹೀನತೆಯನ್ನು ಉಂಟುಮಾಡಬಲ್ಲುದು. ನೈಟ್ರೋಫ್ಯೂರಾನ್ ವರ್ಗದ ಔಷಧಿಗಳೂ ನಿಷಿದ್ಧ. 2016ರಲ್ಲಿ ಐರೋಪ್ಯ ಒಕ್ಕೂಟವು ಭಾರತದಿಂದ ಬರುವ ಸಾಕಣೆ ಸೀಗಡಿಯ ಮಾದರಿ ಪರೀಕ್ಷೆಯನ್ನು ಶೇಕಡ 10ರಿಂದ 50ಕ್ಕೆ ಏರಿಸಿದ್ದು ಈ ಶೇಷಾಂಶದ ಕಾರಣದಿಂದಲೇ.

2009ರಿಂದ ಹುಲಿ ಸೀಗಡಿಯ ಸ್ಥಾನವನ್ನು ವನ್ನಾಮೈ ಎಂಬ ವಿದೇಶಿ ತಳಿ ಆಕ್ರಮಿಸುತ್ತ ಬಂದಿತು. ರೋಗರಹಿತವೆಂದು ದೃಢಪಟ್ಟ ತಾಯಿ ಸೀಗಡಿಗಳನ್ನು ವಿಮಾನದಲ್ಲಿ ತಂದು, ಚೆನ್ನೈಯ ನೀಲಾಂಕರೈಯಲ್ಲಿರುವ ಜಲಚರ ದಿಗ್ಬಂಧನ ಕೇಂದ್ರದಲ್ಲಿ ಪ್ರತ್ಯೇಕವಾಗಿರಿಸಿ, ಪರೀಕ್ಷಿಸಿದ ಬಳಿಕವೇ ಮರಿ ಉತ್ಪಾದನಾ ಕೇಂದ್ರಗಳಿಗೆ ಬಿಡುವ ಕ್ರಮ ಆಗ ಆರಂಭವಾಯಿತು. ಕೊಳದಲ್ಲಿ ಚದರ ಮೀಟರಿಗೆ 60ಕ್ಕಿಂತ ಹೆಚ್ಚು ಮರಿ ಬಿಡಬಾರದೆಂದು ಪ್ರಾಧಿಕಾರವು ಮಿತಿ ಹಾಕಿತು. ಮರಿ ಅತಿಯಾದರೆ ಮೇವು ಅತಿಯಾಗುತ್ತದೆ, ಮೇವು ಅತಿಯಾದರೆ ನೀರು ಕೆಡುತ್ತದೆ, ನೀರು ಕೆಟ್ಟರೆ ರೋಗ ಬರುತ್ತದೆ, ರೋಗ ಬಂದರೆ ರೈತನ ಕೈ ಔಷಧಿಯತ್ತ ಚಾಚುತ್ತದೆ. ಈ ಸರಪಳಿಯ ಮೊದಲ ಕೊಂಡಿಯಲ್ಲಿಯೇ ತಡೆ ಹಾಕುವುದು ಈ ಮಿತಿಯ ಉದ್ದೇಶ.

ಇಂದು ಸಾಕಣೆದಾರನ ಕಡತದಲ್ಲಿ ಮೂರು ಬಗೆಯ ಪತ್ರಗಳು ಇರಬಹುದು. ಅವುಗಳ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ಮೊದಲನೆಯದು ನೋಂದಣಿ ಪತ್ರ. ಇದು ಕಾನೂನಿನ ಕಡ್ಡಾಯ. ಎರಡನೆಯದು ಹಿಡುವಳಿಗೆ ಮುನ್ನ ಮಾಡಿಸುವ ಶೇಷಾಂಶ ಪರೀಕ್ಷೆಯ ವರದಿ. ಇದು ಆ ಒಂದು ಫಸಲಿಗೆ ಮಾತ್ರ ಅನ್ವಯಿಸುತ್ತದೆ. ಮೂರನೆಯದು ಪ್ರಮಾಣಪತ್ರ. ಇದು ಸ್ವಇಚ್ಛೆಯದು, ಫಸಲಿಗಿಂತ ಹೆಚ್ಚಾಗಿ ಸಾಕಣೆಯ ವಿಧಾನವನ್ನೇ ತೂಗಿ ನೋಡುವಂತಹುದು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು 2021ರಲ್ಲಿ ಪ್ರಕಟಿಸಿದ ‘ಶಫರಿ’ ಯೋಜನೆ ಈ ಮೂರನೆಯ ಬಗೆಗೆ ಸೇರಿದ್ದು. ಶಫರಿ ಎಂದರೆ ಸಂಸ್ಕೃತದಲ್ಲಿ ಮೀನು. ಮರಿ ಉತ್ಪಾದನಾ ಕೇಂದ್ರಗಳಿಗೂ ಸಾಕಣೆ ಕೊಳಗಳಿಗೂ ಪ್ರತ್ಯೇಕವಾಗಿ ಪ್ರಮಾಣಪತ್ರ ನೀಡುವುದು ಇದರ ಸ್ವರೂಪ.

ಶಫರಿಗೆ ಆಧಾರವಾದದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಹೊರತಂದ ಜಲಕೃಷಿ ಪ್ರಮಾಣೀಕರಣದ ಮಾರ್ಗಸೂಚಿ. ಅದು ನಾಲ್ಕು ವಿಷಯಗಳನ್ನು ಹೆಸರಿಸುತ್ತದೆ: ಸಾಕಿದ ಜೀವಿಯ ಆರೋಗ್ಯ, ಆಹಾರದ ಸುರಕ್ಷತೆ, ಪರಿಸರದ ರಕ್ಷಣೆ, ಸಮಾಜದ ಹಿತ. ಮೊದಲೆರಡನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಕೊನೆಯ ಎರಡನ್ನು ಅಳೆಯಲು ಒಡ್ಡನ್ನು ದಾಟಿ ಪಕ್ಕದ ಊರಿಗೆ ಹೋಗಬೇಕು. ಬಾವಿಯ ನೀರನ್ನು ಬಾಯಿಗಿಟ್ಟು ನೋಡಬೇಕು. ಕೂಲಿಯವರನ್ನೂ ಮೀನುಗಾರರನ್ನೂ ಕೇಳಬೇಕು. ಕೊಳ್ಳುವವನು ಬೆಲೆ ಕೊಡುವುದು ಸಾಮಾನ್ಯವಾಗಿ ಮೊದಲೆರಡಕ್ಕೆ. ಆದುದರಿಂದ ಕೊನೆಯ ಎರಡು ಕಾಗದದ ಮೇಲೆಯೇ ಉಳಿದುಬಿಡುವ ಅಪಾಯ ಸದಾ ಇದೆ. ಶೇಷಾಂಶವಿಲ್ಲದ ಸೀಗಡಿಯನ್ನು ಹಡಗಿಗೆ ಏರಿಸಿ, ಉಪ್ಪಾದ ಬಾವಿಯನ್ನು ಊರಿಗೆ ಬಿಟ್ಟುಹೋಗುವ ಸಾಕಣೆಯು ಸುರಕ್ಷಿತವೆನಿಸಬಹುದು, ಸುಸ್ಥಿರವೆನಿಸದು.

ನೆರೆಯವರ ಹಿತವನ್ನು ಕಾಯುವುದು ರೈತನಿಗೆ ಹೊರೆಯಲ್ಲವೇ ಎಂಬ ಪ್ರಶ್ನೆ ಸಹಜ. ಬಿಳಿಚುಕ್ಕೆ ರೋಗವೇ ಇದಕ್ಕೆ ಉತ್ತರ ನೀಡಿದೆ. ಒಂದು ಕೊಳದವನು ಹೊರಬಿಟ್ಟ ನೀರನ್ನೇ ಅದೇ ಕಾಲುವೆಯಿಂದ ಮತ್ತೊಂದು ಕೊಳದವನು ಸೇದುತ್ತಾನೆ. ರೋಗ ತಗುಲಿದ ನೀರನ್ನು ಗುಟ್ಟಾಗಿ ಬಿಟ್ಟರೆ ಇಡೀ ಸಾಲಿನ ಕೊಳಗಳು ನಾಶವಾಗುತ್ತವೆ. ಈ ಅನುಭವದಿಂದಲೇ ಸಣ್ಣ ರೈತರನ್ನು ಸಂಘಗಳಾಗಿ ಒಗ್ಗೂಡಿಸುವ ಕಾರ್ಯ ಆರಂಭವಾಗಿ, 2007ರಲ್ಲಿ ರಾಷ್ಟ್ರೀಯ ಸುಸ್ಥಿರ ಜಲಕೃಷಿ ಕೇಂದ್ರ ರೂಪುಗೊಂಡಿತು. ಒಂದೇ ಕಾಲುವೆಯ ರೈತರು ಪರೀಕ್ಷಿತ ಮರಿಯನ್ನು ಒಟ್ಟಾಗಿ ತಂದು, ಒಂದೇ ಕಾಲಕ್ಕೆ ಬಿಟ್ಟು, ರೋಗ ಕಂಡರೆ ಪರಸ್ಪರ ತಿಳಿಸಿ, ಒಪ್ಪಿಗೆಯ ಮೇಲೆ ನೀರು ಬಿಡುವುದು ಇದರ ತಿರುಳು. ಒಬ್ಬನಿಗೆ ದುಬಾರಿಯಾಗುವ ಪ್ರಮಾಣೀಕರಣದ ವೆಚ್ಚವೂ ಸಂಘಕ್ಕೆ ಹಗುರವಾಗುತ್ತದೆ.

2023ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿದೆ. ಸೆರೆವಾಸದ ಶಿಕ್ಷೆಯ ಬದಲು ಹಣದ ದಂಡ ಬಂದಿದೆ. ಮನುಷ್ಯರ ಆರೋಗ್ಯಕ್ಕೆ ಹಾನಿಕರವಾದ ಪ್ರತಿಜೀವಕಗಳ ನಿಷೇಧಕ್ಕೆ ಕಾಯಿದೆಯಲ್ಲಿಯೇ ಸ್ಥಾನ ದೊರೆತಿದೆ. ಶಿಕ್ಷೆಯ ಭಯ ಕಡಿಮೆಯಾದಲ್ಲಿ ಜನರ ಎಚ್ಚರ ಹೆಚ್ಚಬೇಕಾಗುತ್ತದೆ. ಸಾಕಣೆದಾರರು ಮರಿ, ಮೇವು, ಔಷಧಿ ಹಾಗೂ ನೀರು ಬಿಟ್ಟ ದಿನಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಹೆಸರು ಗೊತ್ತಿಲ್ಲದ ಪುಡಿಯನ್ನು ಅಂಗಡಿಯವನ ಮಾತಿನ ಮೇಲೆ ಕೊಳಕ್ಕೆ ಹಾಕಬಾರದು. ಪಕ್ಕದ ಗ್ರಾಮಸ್ಥರು ಕೊಳಕ್ಕೆ ನೋಂದಣಿ ಇದೆಯೇ, ಹೊರಬಿಡುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಹಿಂಜರಿಯಬಾರದು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಯೆಂಬ ಮನ್ನಣೆ ಪಡೆಯಿತು. ಅಲ್ಲಿ ಬಳಚು ಹೆಕ್ಕುವ ಹೆಂಗಸರು, ಬಲೆ ಬೀಸುವವರು, ಕಗ್ಗ ಬಿತ್ತುವವರು ಒಂದೇ ನೀರನ್ನು ನಂಬಿ ಬಾಳುತ್ತಾರೆ. ಆ ನೀರಿನ ದಡದಲ್ಲಿ ಸೀಗಡಿ ಸಾಕುವವನ ಪ್ರಮಾಣಪತ್ರಕ್ಕೆ ಕೊಳ್ಳುವವನ ಮೆಚ್ಚುಗೆಯೊಡನೆ ಇವರೆಲ್ಲರ ಒಪ್ಪಿಗೆಯೂ ಸೇರಿದಾಗಲೇ ಅದು ಪೂರ್ಣವಾಗುತ್ತದೆ.